ಒಂದು ನೇರಳೆ, ಒಂದು ಸಂಪಿಗೆ: ಮನೆಯಂಗಳದ ಮರ ಕಡಿಯಲು ಅನುಮತಿ ಕೇಳಿದ ಅನುಭವ

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ಗುಬ್ಬಿಯ ಕಡೆಯಿಂದ ಬಂದ ನನ್ನ ಸೋದರಮಾವ, ಗೇಟು ದಾಟಿ ಒಳಗೆ ಬಂದವರು ಮನೆಯ ಮೆಟ್ಟಿಲು ಹತ್ತದೆ ಕಾಂಪೌಂಡಿನ ಮೂಲೆಯಲ್ಲಿದ್ದ ನೇರಳೆ ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ನೆಲದಿಂದ ಒಂದು ಗೇಣು ಮೇಲೆ, ಅಂಗೈ ಅಗಲದ ಕಂದು ಬಣ್ಣದ ಗಟ್ಟಿ ಅಣಬೆಯೊಂದು ತೊಗಟೆಗೆ ಅಂಟಿಕೊಂಡಿತ್ತು. ಅದರ ಮೇಲ್ಭಾಗ ಅರಗು ಬಳಿದಂತೆ ಹೊಳೆಯುತ್ತಿತ್ತು, ಅಂಚು ಮಾತ್ರ ಬೆಳ್ಳಗಿತ್ತು. ಹಿಂದಿನ ಮಳೆಗಾಲದಿಂದಲೂ ನಾವು ಅದನ್ನು ನೋಡುತ್ತಲೇ ಇದ್ದೆವು, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ. ಮಾವ ತೆಂಗಿನ ತೋಟ ಮಾಡಿಕೊಂಡು ಬಂದವರು. "ಇದು ಸುಮ್ನೆ ಹುಟ್ಟಿರೋ ಅಣಬೆ ಅಲ್ಲ ಕಣಪ್ಪ, ನಮ್ಮ ತೆಂಗಿಗೆ ಬರೋ ಅಣಬೆ ರೋಗದ್ದೇ ಜಾತಿ. ಹೊರಗೆ ಇಷ್ಟು ಕಾಣ್ತದೆ ಅಂದ್ರೆ ಒಳಗೆ ಎಷ್ಟು ತಿಂದಿದೆಯೋ ಯಾರಿಗೆ ಗೊತ್ತು" ಎಂದರು. ಆಮೇಲೆ ಕೈಯಲ್ಲಿದ್ದ ಕೊಡೆಯ ಹಿಡಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ನೋಡಿದರು. ಮನೆಯ ಕಡೆಗೆ ಟಕ್ ಟಕ್ ಎಂದು ಬರುತ್ತಿದ್ದ ಸದ್ದು ರಸ್ತೆಯ ಕಡೆಗೆ ತಿರುಗಿದಾಗ ಖಾಲಿ ಡಬ್ಬ ತಟ್ಟಿದಂತೆ ಕೇಳಿಸಿತು.

ತುಮಕೂರಿನ ಬಟವಾಡಿ ಕಡೆ ನಮ್ಮ ತಂದೆಯವರು ಮನೆ ಕಟ್ಟಿದ್ದು 1987ರಲ್ಲಿ. ಗೃಹಪ್ರವೇಶದ ವರ್ಷವೇ ಸ್ನೇಹಿತರೊಬ್ಬರ ತೋಟದಿಂದ ತಂದ ಜಂಬುನೇರಳೆಯ ಸಸಿಯನ್ನು ರಸ್ತೆ ಕಡೆಯ ಮೂಲೆಯಲ್ಲಿ ನೆಟ್ಟಿದ್ದರು. ಅದು ಎರಡಂತಸ್ತಿನ ಎತ್ತರವನ್ನೂ ಮೀರಿ ಬೆಳೆದು, ಅರ್ಧ ನಮ್ಮ ಅಂಗಳಕ್ಕೂ ಅರ್ಧ ರಸ್ತೆಗೂ ನೆರಳು ಕೊಡುತ್ತಿತ್ತು. ಜೂನ್ ತಿಂಗಳಲ್ಲಿ ರಸ್ತೆಯಲ್ಲಿ ಹೋಗುವ ಶಾಲೆಯ ಮಕ್ಕಳ ನಾಲಿಗೆ ಮತ್ತು ಸಮವಸ್ತ್ರ ಎರಡೂ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಇಂಥ ಮರ ರೋಗಕ್ಕೆ ಬಿದ್ದದ್ದು ಹೇಗೆ ಎಂದು ಹುಡುಕುತ್ತಾ ಹೋದಾಗ ಹಳೆಯದೊಂದು ಸಂಗತಿ ನೆನಪಿಗೆ ಬಂತು. ಸುಮಾರು ನಾಲ್ಕು ವರ್ಷಗಳ ಹಿಂದೆ ನಮ್ಮ ರಸ್ತೆಯಲ್ಲಿ ಪೈಪು ಹೂಳಲು ಜೆಸಿಬಿಯಿಂದ ಕಾಲುವೆ ತೋಡಿದ್ದರು. ಕಾಲುವೆ ನಮ್ಮ ಕಾಂಪೌಂಡಿನಿಂದ ಎರಡು ಅಡಿ ದೂರದಲ್ಲಿ ಹಾದು, ಆ ಕಡೆಗೆ ಹರಡಿದ್ದ ನೇರಳೆಯ ತೋಳುಗಾತ್ರದ ಬೇರುಗಳನ್ನೆಲ್ಲ ಕತ್ತರಿಸಿತ್ತು. ಕೆಲಸ ಮಾಡಿಸುತ್ತಿದ್ದ ಗುತ್ತಿಗೆದಾರರು ತುಂಡಾದ ಬೇರುಗಳನ್ನು ಒಂದೆಡೆ ಗುಡ್ಡೆ ಹಾಕಿ ಮಣ್ಣು ಮುಚ್ಚಿಸಿ ಹೊರಟುಹೋದರು. ಅಂದು ನಾನು ಅಲ್ಲಿಯೇ ನಿಂತಿದ್ದೆ. ಕಾಲುವೆಯನ್ನು ಮೂರಡಿ ಆಚೆಗೆ ಸರಿಸಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಅದು ಇಂದಿಗೂ ನನ್ನನ್ನು ಬಾಧಿಸುತ್ತದೆ. ಬೇರು ಹರಿದ ಗಾಯದಿಂದ ಕೊಳೆ ಒಳನುಗ್ಗಿ, ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಬುಡವನ್ನು ಟೊಳ್ಳು ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮಾವ ಊರಿಗೆ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ, ಎಲ್ಲರೂ ಮಾಡುವಂತೆ, ಮರ ಕಡಿಯುವವರನ್ನು ವಿಚಾರಿಸಿದ್ದು. ಬಂದವರು ಮರವನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, "ಭಾನುವಾರ ಬೆಳಗ್ಗೆ ಆರಕ್ಕೆ ಶುರು ಮಾಡಿದ್ರೆ ಹತ್ತಕ್ಕೆ ಮುಗೀತದೆ ಮೇಷ್ಟ್ರೇ. ನಿಮ್ಮ ಜಾಗ, ನಿಮ್ಮ ಮರ, ಯಾರು ಕೇಳ್ತಾರೆ?" ಎಂದರು. ಅನುಮತಿ ಬೇಡವೇ ಎಂದು ಕೇಳಿದ್ದಕ್ಕೆ, ಐದು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಒಣಗಿದ ತೆಂಗಿನ ಮರವನ್ನು ತಾವೇ ಕಡಿದದ್ದನ್ನು ನೆನಪಿಸಿ, ಅಂದು ಯಾರಾದರೂ ಬಂದು ಕೇಳಿದ್ದರೇ ಎಂದು ಮರುಪ್ರಶ್ನೆ ಹಾಕಿದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಮ್ಮ ಊರಿನಲ್ಲಿ ಬಹುಮಂದಿ ಹೀಗೆಯೇ ತಿಳಿದಿದ್ದಾರೆ, ಹಾಗೆ ತಿಳಿಯಲು ಕಾರಣವೂ ಇದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮುಂತಾದ ಕೆಲವು ಜಾತಿಗಳನ್ನು ಕಾನೂನೇ ಅನುಮತಿಯ ಕಟ್ಟುಪಾಡಿನಿಂದ ಹೊರಗಿಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕೊಡಲಿ ಬೀಳುವುದು ಈ ಮರಗಳಿಗೇ. ಹಾಗಾಗಿ ಸ್ವಂತ ಜಾಗದ ಯಾವ ಮರಕ್ಕೂ ಯಾರನ್ನೂ ಕೇಳಬೇಕಿಲ್ಲ ಎಂಬ ನಂಬಿಕೆ ಬೇರೂರಿದೆ. ಆದರೆ ನೇರಳೆ ಆ ಪಟ್ಟಿಯಲ್ಲಿಲ್ಲ, ಸಂಪಿಗೆಯೂ ಇಲ್ಲ.

ಸಂಪಿಗೆಯ ಪ್ರಸ್ತಾಪವನ್ನು ಇಲ್ಲಿಯೇ ಮಾಡಬೇಕು. ಗೇಟಿನ ಪಕ್ಕದಲ್ಲಿ ಇಪ್ಪತ್ತು ವರ್ಷ ದಾಟಿದ, ನೇರವಾಗಿ ಬೆಳೆದ ಸಂಪಿಗೆ ಮರವೊಂದಿತ್ತು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಆದರೆ ಮನೆಗೆ ಕಾರು ತಂದಾಗಿನಿಂದ ಅದು ಅಡ್ಡವೆನಿಸತೊಡಗಿತ್ತು. ಕಾರನ್ನು ಒಳಗೆ ತಿರುಗಿಸುವಾಗ ಪ್ರತಿಸಲವೂ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು. ಹೇಗೂ ಒಂದು ಮರಕ್ಕೆ ಆಳು ಕರೆಸುತ್ತೇವೆ, ಎರಡನ್ನೂ ಒಟ್ಟಿಗೆ ತೆಗೆಸಿಬಿಡೋಣ ಎಂದು ಮನೆಯಲ್ಲಿ ಮಾತಾಯಿತು. ಅದಕ್ಕೆ ಒಪ್ಪದೆ ಸುಮ್ಮನೆ ಕುಳಿತಿದ್ದವರು ಅಮ್ಮ ಒಬ್ಬರೇ.

ಮರ ಕಡಿಯುವವರನ್ನು ಕಳಿಸಿದ ಮೇಲೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ತರಿಸಿಕೊಂಡು ಓದಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನಾದರೂ ಈ ಕಾಯ್ದೆಯನ್ನು ಓದಿದ್ದು ಅದೇ ಮೊದಲು. ಅದರ 8ನೇ ಪ್ರಕರಣ ಹೇಳುವ ಮಾತು ಸರಳವಾಗಿದೆ: ಮರ ತನ್ನ ಒಡೆತನದಲ್ಲಿರಲಿ, ಇಲ್ಲದಿರಲಿ, ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ನೇಮಕಗೊಂಡ ಅರಣ್ಯಾಧಿಕಾರಿಯ, ಪೂರ್ವಾನುಮತಿ ಇಲ್ಲದೆ ಯಾರೂ ಅದನ್ನು ಕಡಿಯುವಂತಿಲ್ಲ. ಒಡೆತನ ಮತ್ತು ಕಡಿಯುವ ಹಕ್ಕು ಬೇರೆ ಬೇರೆ ಎಂದು ಕಾನೂನು ಮೊದಲ ಸಾಲಿನಲ್ಲಿಯೇ ಹೇಳಿಬಿಡುತ್ತದೆ. ನನಗೆ ಇನ್ನೂ ಹೆಚ್ಚು ಬೆರಗು ತಂದದ್ದು 'ಕಡಿಯುವುದು' ಎಂಬ ಪದಕ್ಕೆ ಅಲ್ಲಿ ಕೊಟ್ಟಿರುವ ಅರ್ಥ. ಬುಡದಿಂದ ಕತ್ತರಿಸುವುದು, ಬೇರುಸಹಿತ ಕೀಳುವುದು ಮಾತ್ರವಲ್ಲ, ಕಾಂಡದ ಸುತ್ತ ತೊಗಟೆ ಸುಲಿಯುವುದು, ಕೊಂಬೆ ಸವರುವುದು, ತಲೆ ಬೋಳಿಸುವುದು, ಮರ ಸಾಯುವ ಔಷಧ ಹಾಕುವುದು, ಸುಡುವುದು, ಬೇರೆ ಯಾವುದೇ ರೀತಿಯಲ್ಲಿ ಘಾಸಿ ಮಾಡುವುದು ಎಲ್ಲವೂ ಆ ಪದದೊಳಗೆ ಬರುತ್ತವೆ. ಬುಡಕ್ಕೆ ಆಸಿಡ್ ಸುರಿದು, ಮರ ಒಣಗಿದ ಮೇಲೆ ಸಹಜವಾಗಿ ಸತ್ತಿತೆಂದು ತೋರಿಸುವ ದುಷ್ಟ ಉಪಾಯವನ್ನು ನಮ್ಮ ಬಡಾವಣೆಯಲ್ಲಿಯೇ ಒಬ್ಬರು ನನಗೆ ಹೇಳಿಕೊಟ್ಟಿದ್ದರು. ಕೊಡಲಿಯ ಬದಲು ವಿಷ ಹಿಡಿದರೂ ಅಪರಾಧ ಅದೇ ಎಂದು ಐವತ್ತು ವರ್ಷದಷ್ಟು ಹಳೆಯ ಈ ಕಾಯ್ದೆ ಆಗಲೇ ಬರೆದಿಟ್ಟಿದೆ.

ಅದೇ ಪ್ರಕರಣದಲ್ಲಿ, ಯಾವ ಮರಕ್ಕೆ ಅನುಮತಿ ನಿರಾಕರಿಸಬಾರದು ಎಂಬುದೂ ಇದೆ. ಸತ್ತ, ರೋಗ ಹಿಡಿದ ಅಥವಾ ಗಾಳಿಗೆ ಬಿದ್ದ ಮರ, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರ, ಸಂಚಾರಕ್ಕೆ ಅಡ್ಡಿಯಾದ ಮರ, ಬೆಂಕಿ, ಸಿಡಿಲು, ಮಳೆಯಿಂದ ಬಹುಮಟ್ಟಿಗೆ ಹಾಳಾದ ಮರ, ಬೆಳೆದು ಬಲಿತ ಮರ ಇವು ಅಲ್ಲಿ ಬರುತ್ತವೆ. ಎಲೆ ಉದುರಿ ಅಂಗಳ ಗಲೀಜಾಗುತ್ತದೆ ಎಂಬುದಾಗಲಿ, ಕಾರು ತಿರುಗಿಸಲು ಕಷ್ಟ ಎಂಬುದಾಗಲಿ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಅರ್ಜಿಯನ್ನು ಎಲ್ಲಿ ಕೊಡಬೇಕೆಂಬುದರಲ್ಲಿಯೂ ನಾನು ಮೊದಲು ತಪ್ಪಿದೆ. ಬೆಂಗಳೂರಿನ ಸುದ್ದಿಗಳನ್ನು ಓದಿ ಓದಿ ಇದು ಮಹಾನಗರಪಾಲಿಕೆಯ ಕೆಲಸವೆಂದೇ ಭಾವಿಸಿದ್ದೆ. ಬೆಂಗಳೂರಿನಲ್ಲಿ ಪಾಲಿಕೆಯೊಳಗೇ ಅರಣ್ಯ ವಿಭಾಗವೊಂದಿದ್ದು, ಅರಣ್ಯ ಇಲಾಖೆಯಿಂದ ಬಂದ ಅಧಿಕಾರಿಗಳು ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದುದರಿಂದ ಆ ಭಾವನೆ ಮೂಡಿರಬೇಕು. ನಮ್ಮಲ್ಲಿ ಖಾಸಗಿ ನಿವೇಶನದ ಮರಕ್ಕೂ ಅರಣ್ಯ ಇಲಾಖೆಗೇ ಅರ್ಜಿ ಹಾಕಬೇಕೆಂದು ಪಾಲಿಕೆಯ ಮುಂಗಟ್ಟೆಯಲ್ಲಿದ್ದವರು ಎರಡೇ ನಿಮಿಷದಲ್ಲಿ ತಿಳಿಸಿ, ಯಾವ ಕಚೇರಿಗೆ ಹೋಗಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಕಾಗದಪತ್ರಗಳದ್ದೇ ದೊಡ್ಡ ಕೆಲಸವಾಯಿತು. ನಮ್ಮಿಂದ ಕೇಳಿದ್ದು ಖಾತೆಯ ನಕಲು, ಆ ವರ್ಷದ ತೆರಿಗೆ ರಸೀದಿ, ಆಧಾರ್ ಪ್ರತಿ, ಮರ ಎಲ್ಲಿದೆಯೆಂದು ಗುರುತಿಸಿದ ನಿವೇಶನದ ನಕ್ಷೆ ಮತ್ತು ನಾಲ್ಕು ದಿಕ್ಕಿನಿಂದ ತೆಗೆದ ಫೋಟೋಗಳು. ಇವುಗಳಲ್ಲಿ ಖಾತೆಯೇ ತೊಡಕಾಯಿತು. ತಂದೆಯವರು ತೀರಿಕೊಂಡು ಆರು ವರ್ಷಗಳಾಗಿದ್ದರೂ ಖಾತೆ ಅವರ ಹೆಸರಿನಲ್ಲಿಯೇ ಇತ್ತು. ತೆರಿಗೆ ಕಟ್ಟಲು ಅದೆಂದೂ ಅಡ್ಡಿಯಾಗಿರಲಿಲ್ಲವಾದ್ದರಿಂದ ನಾವು ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ಈಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಜೊತೆಗೆ ಅಮ್ಮ, ಹಾಸನದಲ್ಲಿರುವ ತಮ್ಮ, ಮಧುಗಿರಿಯಲ್ಲಿರುವ ತಂಗಿ ಎಲ್ಲರ ಒಪ್ಪಿಗೆ ಪತ್ರಗಳು ಬೇಕಾದವು. ಇದು ವೃಥಾ ತೊಂದರೆ ಎಂದು ಅಂದು ನನಗೂ ಅನಿಸಿತ್ತು. ಆದರೆ ಒಪ್ಪಿಗೆ ಕೇಳಲು ಫೋನ್ ಮಾಡಿದಾಗ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. "ಸಹಿ ಹಾಕಿ ಕಳಿಸ್ತೀನಿ ಅಣ್ಣ. ಕಡಿಯೋ ದಿನ ಮಾತ್ರ ನಂಗೆ ಹೇಳ್ಬೇಡ" ಎಂದಳು. ಆ ಕಾಗದ ಕೇಳದೇ ಹೋಗಿದ್ದರೆ ನಾನು ಅವಳಿಗೆ ಸುದ್ದಿಯನ್ನು ಕಡಿದ ಮೇಲೆಯೇ ಹೇಳುತ್ತಿದ್ದೆನೇನೋ. ಮನೆಯ ಮೇಲೆ ನಾಲ್ವರಿಗೆ ಹಕ್ಕಿದ್ದ ಹಾಗೆ ಮರದ ಮೇಲೂ ನಾಲ್ವರಿಗೆ ಹಕ್ಕಿತ್ತು.

ಅರ್ಜಿಯ ಕರಡನ್ನು ನಾನೇ ಬರೆದೆ. ಎರಡು ಮರಗಳನ್ನೂ ಹೆಸರಿಸಿ, 'ಸದರಿ ಮರಗಳು ಮನೆಗೂ ಸಾರ್ವಜನಿಕರಿಗೂ ಅಪಾಯಕಾರಿಯಾಗಿರುವುದರಿಂದ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಅದನ್ನು ಟೈಪ್ ಮಾಡಿಕೊಡಲು ಕುಳಿತ ಮಗಳು ಅಲ್ಲಿಯೇ ನಿಲ್ಲಿಸಿ, "ಸಂಪಿಗೆ ಯಾರಿಗೆ ಅಪಾಯ ಅಪ್ಪ?" ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಕರಡನ್ನು ಹರಿದು ಮತ್ತೆ ಬರೆದೆ. ನೇರಳೆಯ ಬಗ್ಗೆ ಅಣಬೆ, ಟೊಳ್ಳು ಸದ್ದು, ಕತ್ತರಿಸಿಹೋದ ಬೇರುಗಳು, ರಸ್ತೆಯ ಕಡೆಗಿನ ವಾಲಿಕೆ, ಕೆಳಗೆ ಓಡಾಡುವ ಮಕ್ಕಳು ಎಲ್ಲವನ್ನೂ ಕಂಡದ್ದು ಕಂಡ ಹಾಗೆ ವಿವರಿಸಿದೆ. ಸಂಪಿಗೆಯ ಮುಂದೆ, ವಾಹನ ನಿಲ್ಲಿಸಲು ಜಾಗ ಸಾಲದಿರುವುದು ಮತ್ತು ಒಂದು ಕೊಂಬೆ ವಿದ್ಯುತ್ ತಂತಿಗೆ ಸಮೀಪವಿರುವುದು ಎಂಬ ಎರಡೇ ನಿಜಗಳನ್ನು ಬರೆದೆ. ಹೀಗೆ ಬರೆದು ನೋಡಿದಾಗ ಸಂಪಿಗೆಯ ಕಾರಣ ಎಷ್ಟು ತೆಳ್ಳಗಿದೆ ಎಂಬುದು ನನಗೇ ಕಂಡಿತು. ಆದರೂ ಕೊಟ್ಟೆ, ಸ್ವೀಕೃತಿ ಪಡೆದು ಬಂದೆ. ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಕೇಳುವ ಆ ಒಂದು ನಿಯಮವೇ ಈ ಕಾಯ್ದೆಯ ಜೀವ ಎಂದು ನಾನು ಈಗ ನಂಬುತ್ತೇನೆ, ಏಕೆಂದರೆ ಬೇಸರ ಬಂದ ದಿನ ಮನಸ್ಸಿನಲ್ಲಿ ಮೂಡುವ ಕಾರಣಗಳಲ್ಲಿ ಹೆಚ್ಚಿನವು ಸಹಿ ಹಾಕಿಕೊಡುವಷ್ಟು ಗಟ್ಟಿಯಾಗಿರುವುದಿಲ್ಲ.

ಫೆಬ್ರವರಿ ಮುಗಿಯುವ ಮುನ್ನ ಸ್ಥಳ ಪರಿಶೀಲನೆಗೆ ಉಪವಲಯ ಅರಣ್ಯಾಧಿಕಾರಿಯೊಬ್ಬರು ಅರಣ್ಯ ರಕ್ಷಕರೊಂದಿಗೆ ಬಂದರು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆಂದು ತಿಳಿದಿದ್ದೆ, ಒಂದೂವರೆ ಗಂಟೆ ಹಿಡಿಯಿತು. ಅಧಿಕಾರಿ ಮೊದಲು ಮರದಿಂದ ದೂರ ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತು ಬಹಳ ಹೊತ್ತು ನೆತ್ತಿಯನ್ನೇ ನೋಡಿದರು. ರೋಗ ಬುಡದಲ್ಲಿದ್ದರೆ ಅದರ ಸುದ್ದಿ ನೆತ್ತಿಯಲ್ಲಿ ಸಿಗುತ್ತದೆ ಎಂದು ಆಮೇಲೆ ನನಗೆ ವಿವರಿಸಿದರು. ರಸ್ತೆ ಕಡೆಯ ಮೇಲುಕೊಂಬೆಗಳ ತುದಿಗಳು ಬೋಳಾಗಿದ್ದವು, ಎಲೆಗಳು ಮನೆಯ ಕಡೆಯ ಎಲೆಗಳಿಗಿಂತ ಚಿಕ್ಕದಾಗಿ ಹಳದಿಗೆ ತಿರುಗಿದ್ದವು. ಅಷ್ಟು ವರ್ಷ ಅದರ ಕೆಳಗೇ ಓಡಾಡಿದ ನಾನು ಅದನ್ನು ಗಮನಿಸಿರಲಿಲ್ಲ.

ಅನಂತರ ರಕ್ಷಕರು ನೆಲದಿಂದ 1.37 ಮೀಟರ್ ಎತ್ತರಕ್ಕೆ, ಅಂದರೆ ನಾಲ್ಕೂವರೆ ಅಡಿಗೆ, ಸುಣ್ಣದಿಂದ ಗುರುತು ಮಾಡಿ ಟೇಪು ಸುತ್ತಿದರು. ಎದೆಮಟ್ಟದ ಸುತ್ತಳತೆ ಎಂದು ಕರೆಯುವುದು ಇದನ್ನೇ. ಬುಡದ ಉಬ್ಬು ಲೆಕ್ಕ ಕೆಡಿಸದಿರಲೆಂದು ಎಲ್ಲ ಮರಗಳನ್ನೂ ಅದೇ ಎತ್ತರದಲ್ಲಿ ಅಳೆಯುತ್ತಾರೆ. ನಮ್ಮ ನೇರಳೆ 2.16 ಮೀಟರ್ ಇತ್ತು. ಕವಲೊಡೆಯುವವರೆಗಿನ ನೇರ ಕಾಂಡ 3 ಮೀಟರ್. ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸಿದರೆ ನಾಟಾದ ಅಂದಾಜು ಪ್ರಮಾಣ ಸಿಗುತ್ತದೆ ಎಂದು ಅವರು ಹೇಳಿದಾಗ, ನಾನೂ ನೋಟುಪುಸ್ತಕದಲ್ಲಿ ಲೆಕ್ಕ ಹಾಕಿದೆ: 0.54ರ ವರ್ಗವನ್ನು ಮೂರರಿಂದ ಗುಣಿಸಿದಾಗ 0.87 ಘನಮೀಟರ್ ಬಂತು. "ಲೆಕ್ಕಕ್ಕೆ ಇಷ್ಟು ಸಾರ್. ಒಳಗೆ ಎಷ್ಟು ಉಳಿದಿದೆ ಅನ್ನೋದು ಬೇರೆ" ಎಂದು ರಕ್ಷಕರು ತೆಳುವಾದ ಕಬ್ಬಿಣದ ಸಲಾಕೆಯೊಂದನ್ನು ಅಣಬೆಯ ಪಕ್ಕದ ಬಿರುಕಿನೊಳಗೆ ತೂರಿಸಿದರು. ಸಲಾಕೆ ಅಡ್ಡಿಯಿಲ್ಲದೆ ಒಳಗೆ ಹೋಗುತ್ತಾ ಹೋಯಿತು. ಹೊರಗೆಳೆದು ಅಳೆದಾಗ 38 ಸೆಂಟಿಮೀಟರಿನವರೆಗೆ ಒದ್ದೆಯಾದ ಕಂದು ಪುಡಿ ಮೆತ್ತಿಕೊಂಡಿತ್ತು, ನೆಲಮಾಳಿಗೆಯ ವಾಸನೆ ಬರುತ್ತಿತ್ತು. ಆ ಎತ್ತರದಲ್ಲಿ ಮರದ ಅಡ್ಡಳತೆಯೇ ಎಪ್ಪತ್ತು ಸೆಂಟಿಮೀಟರಿನ ಆಸುಪಾಸು. ಸಲಾಕೆಯ ತುದಿಯನ್ನು ನೋಡುತ್ತಾ ನಿಂತಾಗ, ಹಿಂದಿನ ಮೇ ತಿಂಗಳ ಗಾಳಿಯಲ್ಲಿ ಈ ಮರ ಹೇಗೆ ನಿಂತಿತ್ತು ಎಂಬ ಯೋಚನೆಗೆ ಮೈ ಜುಮ್ಮೆಂದಿತು.

ಅಮ್ಮ ಅಷ್ಟರಲ್ಲಿ ಹೊರಗೆ ಬಂದು, ಔಷಧಿ ಹೊಡೆದರೆ ಉಳಿಯುವುದಿಲ್ಲವೇ ಎಂದು ಕೇಳಿದರು. ಅಧಿಕಾರಿ ಅವಸರ ಮಾಡಲಿಲ್ಲ. "ಬೇರು ಇದ್ದಿದ್ರೆ ಕೊಂಬೆ ಹಗುರ ಮಾಡಿ ಉಳಿಸ್ಕೊಳ್ಳೋಣ ಅಂತಿದ್ದೆ ಅಮ್ಮ. ಈ ಕಡೆ ಹಿಡ್ಕೊಳ್ಳೋಕೆ ಬೇರೇ ಇಲ್ಲ. ಮಕ್ಕಳು ಓಡಾಡೋ ಜಾಗ" ಎಂದರು. ಅಮ್ಮ ತಲೆಯಾಡಿಸಿ ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದರು.

ಸಂಪಿಗೆಯ ಬಳಿ ಅವರು ನಿಂತದ್ದು ಹತ್ತು ನಿಮಿಷ. ಕಾಂಡವನ್ನು ತಟ್ಟಿ, ಬುಡದ ಮಣ್ಣು ಕೆದರಿ ನೋಡಿ, ಕಾಂಪೌಂಡಿನಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿದರು. ಬಿರುಕು ಇರಲಿಲ್ಲ. ಕಾರು ಹೇಗೆ ಒಳಗೆ ಬರುತ್ತದೆಂದು ತೋರಿಸಲು ಹೇಳಿದಾಗ ನಾನು ಕಾರನ್ನು ಹೊರಗೆ ತೆಗೆದು ಮತ್ತೆ ಒಳಗೆ ತಂದು ತೋರಿಸಿದೆ. ಅವರು ಹೆಜ್ಜೆಯಲ್ಲಿ ಜಾಗವನ್ನು ಅಳೆದು, ಗೇಟಿನ ಕಂಬವನ್ನು ಎಡಕ್ಕೆ ನಾಲ್ಕಡಿ ಸರಿಸಿದರೆ ತಿರುವಿನ ಪ್ರಶ್ನೆಯೇ ಬರುವುದಿಲ್ಲವಲ್ಲ ಎಂದರು. ಹದಿನೈದು ವರ್ಷ ಆ ಗೇಟಿನಲ್ಲಿ ಓಡಾಡಿದ ನಮಗೆ ಕಂಬವನ್ನು ಸರಿಸಬಹುದೆಂದು ಹೊಳೆದೇ ಇರಲಿಲ್ಲ. ಕೊನೆಗೆ ನೆರೆಹೊರೆಯ ಇಬ್ಬರ ಸಮಕ್ಷಮದಲ್ಲಿ ಮಹಜರು ಬರೆದು, ಓದಿ ಹೇಳಿ, ಎಲ್ಲರ ಸಹಿ ಪಡೆದು ಹೊರಟರು.

ವೃಕ್ಷಾಧಿಕಾರಿಯವರ ಆದೇಶ ಮಾರ್ಚ್ ಕೊನೆಯಲ್ಲಿ ಕೈಸೇರಿತು. ಎರಡು ಪುಟಗಳ ಆ ಆದೇಶದಲ್ಲಿ ನೇರಳೆಯನ್ನು ತೆಗೆಯಲು ಅನುಮತಿ ಇತ್ತು. ಸಂಪಿಗೆ ಆರೋಗ್ಯವಾಗಿದ್ದು ಪ್ರಾಣಕ್ಕಾಗಲಿ ಆಸ್ತಿಗಾಗಲಿ ಅಪಾಯವಿಲ್ಲವಾದ್ದರಿಂದ ಅದನ್ನು ಕಡಿಯುವ ಕೋರಿಕೆಯನ್ನು ನಿರಾಕರಿಸಿ, ತಂತಿಯ ಕಡೆಗಿನ ಒಂದು ಕೊಂಬೆಯನ್ನು ಮಾತ್ರ ಸವರಲು ಒಪ್ಪಿಗೆ ನೀಡಲಾಗಿತ್ತು. ನೇರಳೆಗೆ ಬದಲಾಗಿ ಅದೇ ನಿವೇಶನದಲ್ಲಿ ಸಸಿಗಳನ್ನು ನೆಟ್ಟು ಬೆಳೆಸಬೇಕೆಂಬ ಷರತ್ತಿತ್ತು. ಮರ ತೆಗೆದವರು ಮರ ನೆಡಬೇಕೆಂಬುದು ಇಲಾಖೆಯ ಉಪದೇಶವಲ್ಲ, ಕಾಯ್ದೆಯೇ ಹೊರಿಸಿದ ಹೊಣೆ. ದಿಮ್ಮಿಯನ್ನು ಮಿಲ್ಲಿಗೆ ಸಾಗಿಸುವುದಾದರೆ ಕರ್ನಾಟಕ ಅರಣ್ಯ ನಿಯಮಗಳು, 1969ರ ಪ್ರಕಾರ ಸಾಗಣೆಯ ಪರವಾನಗಿ ಪ್ರತ್ಯೇಕವಾಗಿ ಪಡೆಯಬೇಕೆಂದೂ ಬರೆದಿತ್ತು. ಕಡಿಯಲು ಸಿಕ್ಕ ಅನುಮತಿಯೇ ಸಾಗಿಸಲೂ ಸಾಕು ಎಂದು ಭಾವಿಸಿ ಲಾರಿಯೊಂದಿಗೆ ಸಿಕ್ಕಿಬಿದ್ದವರ ಕಥೆಗಳನ್ನು ನಾನು ಹಲವು ಸಲ ಕೇಳಿದ್ದೇನೆ. ಆದ್ದರಿಂದ ಇದನ್ನು ಎಲ್ಲರೂ ನೆನಪಿಡಬೇಕು.

ಸಂಪಿಗೆಯ ವಿಷಯದಲ್ಲಿ ಮೇಲ್ಮನವಿ ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನಾನು ಸಲ್ಲಿಸಲಿಲ್ಲ. ನಿರಾಕರಣೆಯ ಕಾರಣವನ್ನು ಓದಿದಾಗ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅನುಮತಿ ಕೈಗೆ ಬಂದರೂ ಮರ ತಕ್ಷಣ ಉರುಳಲಿಲ್ಲ. ಆದೇಶ ಬಂದ ವಾರವೇ ಮಗಳು ನೇರಳೆಯ ಒಣಗಿದ ಕೊಂಬೆಯೊಂದರ ಅಡಿಯಲ್ಲಿ ದುಂಡನೆಯ ಬಿಲವನ್ನು ತೋರಿಸಿದಳು. ಹಸಿರು ಮೈಯ ಕುಟ್ರುಹಕ್ಕಿಗಳೆರಡು ಸರದಿಯ ಮೇಲೆ ಹಣ್ಣು ಕಚ್ಚಿಕೊಂಡು ಬಂದು ಒಳಗೆ ತಲೆ ಹಾಕುತ್ತಿದ್ದವು. ಮರಿಗಳಿರುವುದು ನಿಶ್ಚಯವಾಯಿತು. ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಹಾಳು ಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಅರ್ಥದಲ್ಲಿಯೇ ಸೇರಿಸಿದೆ. ಆದರೆ ಕಾನೂನು ನೆನಪಾಗುವ ಮೊದಲೇ ಮನೆಯಲ್ಲಿ ಎಲ್ಲರೂ ಕಾಯೋಣ ಎಂದಿದ್ದರು. ಇನ್ನೊಂದು ಕಡೆ ಭರಣಿ ಮಳೆ ಹತ್ತಿರ ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಸಂಜೆಗಳಲ್ಲಿ ಬೀಸುವ ಗಾಳಿ ಮರಗಳನ್ನು ಉರುಳಿಸುವಷ್ಟು ಜೋರಾಗಿರುತ್ತದೆ. ನಾನು ಅಧಿಕಾರಿಗಳಿಗೆ ಫೋನ್ ಮಾಡಿ ಕೇಳಿದೆ. ಗೂಡಿರುವ ಕೊಂಬೆ ಮನೆಯ ಕಡೆಯದು, ಅಪಾಯ ರಸ್ತೆ ಕಡೆಯದು. ಆದ್ದರಿಂದ ರಸ್ತೆ ಕಡೆಯ ಭಾರದ ಕೊಂಬೆಗಳನ್ನು ಈಗಲೇ ಇಳಿಸಿ, ಉಳಿದ ಮರವನ್ನು ಮರಿಗಳು ಹಾರಿದ ಮೇಲೆ ತೆಗೆಯಿರಿ ಎಂದರು. ಹಾಗೆಯೇ ಮಾಡಿದೆವು. ಕೊಂಬೆ ಇಳಿಸಿದ ಅರ್ಧ ದಿನ ತಾಯಿಹಕ್ಕಿ ಎದುರು ಮನೆಯ ತಾರಸಿಯಲ್ಲಿ ಕುಳಿತು ಕೂಗುತ್ತಲೇ ಇತ್ತು. ಸಂಜೆಗೆ ಬಿಲಕ್ಕೆ ಮರಳಿತು. ಏಪ್ರಿಲ್ ಮೂರನೆಯ ವಾರ ಬಿಲ ಖಾಲಿಯಾಯಿತು.

ಮರ ತೆಗೆದ ದಿನ ಬೆಸ್ಕಾಂನವರಿಗೆ ಮೊದಲೇ ಅರ್ಜಿ ಕೊಟ್ಟಿದ್ದುದರಿಂದ ಬೆಳಗ್ಗೆ ಒಂಬತ್ತಕ್ಕೆ ಲೈನ್ ಕ್ಲಿಯರ್ ಸಿಕ್ಕಿತು, ಅಂದರೆ ತಂತಿಯಲ್ಲಿ ವಿದ್ಯುತ್ ನಿಲ್ಲಿಸಿಕೊಟ್ಟರು. ಅದೇ ಮರ ಕಡಿಯುವವರನ್ನೇ ಕರೆಸಿದ್ದೆ. ಆದೇಶದ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು, "ಇದೊಂದು ಜೇಬಲ್ಲಿದ್ರೆ ಎದೆ ಗಟ್ಟಿ ಮೇಷ್ಟ್ರೇ, ರಸ್ತೆಯಲ್ಲಿ ಯಾರು ನಿಲ್ಸಿ ಕೇಳಿದ್ರೂ ತೋರಿಸ್ಬಹುದು" ಎಂದರು. ಮೇಲಿನಿಂದ ಒಂದೊಂದೇ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುತ್ತಾ ಬಂದು, ಮಧ್ಯಾಹ್ನ ಮೂರಕ್ಕೆ ಕಾಂಡವನ್ನು ಬುಡದಿಂದ ಕೊಯ್ದರು. ಆ ವರ್ಷವೂ ಮರ ಹೂ ಬಿಟ್ಟಿತ್ತು. ಅಂಗಳದ ತುಂಬ ಬಿದ್ದ ರೆಂಬೆಗಳ ಮೇಲೆ ಜೇನುಹುಳುಗಳು ಸಂಜೆಯವರೆಗೂ ಸುತ್ತುತ್ತಿದ್ದವು.

ಕೊಯ್ದ ಬುಡವನ್ನು ನೋಡಲು ಬೀದಿಯವರೆಲ್ಲ ಬಂದರು. ಮನೆಯ ಕಡೆಗೆ ಅರ್ಧಚಂದ್ರದಂತೆ ಕೆಂಗಂದು ಬಣ್ಣದ ಗಟ್ಟಿ ಮರ ಉಳಿದಿತ್ತು, ರಸ್ತೆಯ ಕಡೆಗೆ ಎರಡು ಬೆರಳು ದಪ್ಪದ ತೊಗಟೆಯ ಗೋಡೆ. ನಡುವೆ ಕೈ ಮುಷ್ಟಿ ಹೋಗುವಷ್ಟು ಪೊಟರೆಯಲ್ಲಿ ಕಂದು ಹುಡಿ ತುಂಬಿತ್ತು. ಹುಷಾರಾಗಿದ್ದ ಮರವನ್ನು ಕಡಿಸುತ್ತಿದ್ದಾರೆ ಎಂದು ನನ್ನ ಮೇಲೆ ಬೇಸರಿಸಿಕೊಂಡಿದ್ದ ಪಕ್ಕದ ಮನೆಯವರು ಆ ಹುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ ಏನೂ ಹೇಳದೆ ಹೋದರು. ಅವರ ಬೇಸರ ನನಗೆ ತಪ್ಪೆನಿಸಿರಲಿಲ್ಲ. ಕೇಳದೆ ಕಡಿಸಿದ್ದರೆ ಅವರ ಅನುಮಾನವನ್ನು ಕಳೆಯಲು ನನ್ನ ಬಳಿ ಮಹಜರೂ ಇರುತ್ತಿರಲಿಲ್ಲ, ಆದೇಶವೂ ಇರುತ್ತಿರಲಿಲ್ಲ.

ದಿಮ್ಮಿಯನ್ನು ಮಾರಲಿಲ್ಲ. ಗಟ್ಟಿಯಾಗಿ ಉಳಿದ ಭಾಗದಿಂದ ಅಂಗಳದಲ್ಲಿಯೇ ಕೂರಲು ಎರಡು ಬೆಂಚುಗಳಿಗೆ ಸಾಕಾಗುವಷ್ಟು ಹಲಗೆ ಸಿಕ್ಕಿತು. ನೇರಳೆ ಒದ್ದೆಗೆ ಬೇಗ ಜಗ್ಗುವ ಮರವಲ್ಲವಾದ್ದರಿಂದ ಮಳೆ ಬೀಳುವ ಜಾಗದಲ್ಲಿಯೇ ಹಾಕಿಸಿದ್ದೇನೆ. ಗೇಟಿನ ಕಂಬವನ್ನು ಮೇ ತಿಂಗಳಲ್ಲಿ ಎಡಕ್ಕೆ ನಾಲ್ಕಡಿ ಸರಿಸಿದೆವು. ಕಾರು ಒಂದೇ ತಿರುವಿನಲ್ಲಿ ಒಳಗೆ ಬರುತ್ತದೆ. ಸಂಪಿಗೆಯ ತಂತಿ ಕಡೆಯ ಕೊಂಬೆಯೊಂದನ್ನು ಸವರಿದ ಮೇಲೆ ಅದರ ಮಗ್ಗುಲಲ್ಲಿ ಹೊಸ ಚಿಗುರು ಬಂದಿದೆ, ಶ್ರಾವಣದಲ್ಲಿ ಅಮ್ಮ ಬೆಳಗ್ಗೆ ದೋಟಿ ಹಿಡಿದು ಹೂ ಬಿಡಿಸುವುದನ್ನು ನೋಡುವಾಗ, ಆ ಹರಿದುಹಾಕಿದ ಕರಡು ನೆನಪಾಗುತ್ತದೆ.

ಜೂನ್ ಮೊದಲ ವಾರ ಮಣ್ಣು ನೆನೆದ ಮೇಲೆ ಸಸಿಗಳನ್ನು ನೆಟ್ಟೆವು. ನೇರಳೆ ಇದ್ದ ಗುಂಡಿಯಲ್ಲಿ ಅಣಬೆಯ ಅಂಶ ಉಳಿದಿರುತ್ತದೆಂದು ಮಾವ ಎಚ್ಚರಿಸಿದ್ದರಿಂದ ಅಲ್ಲಿಂದ ಹತ್ತಡಿ ದೂರದಲ್ಲಿ, ಅಂಗಳದ ಒಳಬದಿಗೆ, ಪೈಪಿನ ಕಾಲುವೆ ತಲುಪದ ಕಡೆ, ಒಂದು ಹೊಂಗೆ, ಒಂದು ಬೇವು ಮತ್ತು ತಂಗಿ ಮಧುಗಿರಿಯಿಂದ ಕುಂಡದಲ್ಲಿ ತಂದ ಒಂದು ಜಂಬುನೇರಳೆಯನ್ನು ಹಾಕಿದೆವು. ಆಗಸ್ಟ್ ಕೊನೆಯಲ್ಲಿ ಅದೇ ಅರಣ್ಯ ರಕ್ಷಕರು ಹೇಳದೆ ಕೇಳದೆ ಒಂದು ಬೆಳಗ್ಗೆ ಬಂದು, ಸಸಿಗಳೆಲ್ಲಿ ಎಂದು ಕೇಳಿದರು. ಮೂರನ್ನೂ ತೋರಿಸಿದೆ. ಅವರು ಚೀಲದಿಂದ ಅದೇ ಟೇಪನ್ನು ತೆಗೆದು ಒಂದೊಂದರ ಪಕ್ಕದಲ್ಲಿಯೂ ಮಂಡಿಯೂರಿ ಕುಳಿತು ಅಳೆದು, ಪುಸ್ತಕದಲ್ಲಿ ಬರೆದುಕೊಂಡರು: ಹೊಂಗೆ 94 ಸೆಂಟಿಮೀಟರ್, ಬೇವು 81, ನೇರಳೆ 62. ನೇರಳೆಗೆ ಆಸರೆಯಾಗಿ ಕಟ್ಟಿದ್ದ ಹುರಿ ಎಳೆಯ ಕಾಂಡಕ್ಕೆ ಒತ್ತುತ್ತಿದ್ದುದನ್ನು ಕಂಡು, ಅದನ್ನು ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿ ಎದ್ದರು.